ಅರಗಿನ ಭೂಪಟ ಮತ್ತು ಜಾಲಾರಿ ಮರ

ಅರಗಿನ ತವರು ಯಾವುದೆಂದರೆ ಎಲ್ಲರ ಬೆರಳೂ ಛೋಟಾನಾಗಪುರದ ಕಡೆಗೇ ತಿರುಗುತ್ತದೆ. ಇಂದು ದೇಶದ ಅರಗಿನ ಬಹುಪಾಲು ಬರುವುದು ಜಾರ್ಖಂಡ್, ಛತ್ತೀಸ್‌ಗಢದ ಸುತ್ತಮುತ್ತಲಿಂದ ಎಂಬುದು ನಿಜ. ಆದರೆ ಬೆಳೆ ಹೆಚ್ಚಿರುವ ಸೀಮೆಯನ್ನೇ ಅರಗು ಸ್ರವಿಸುವ ಹುಳುವಿನ ಸಹಜ ನೆಲೆ ಎಂದುಬಿಡುವುದು ಸಂತೆ ಕೂಡುವ ಊರನ್ನೇ ರಾಗಿ ಬೆಳೆದ ಹೊಲ ಎಂದಂತೆ. ಈ ಹುಳು ಕೂರುವ ಮುತ್ತುಗ, ಬೋರೆ, ಅಶ್ವತ್ಥಗಳು ಉಪಖಂಡದ ಉದ್ದಗಲಕ್ಕೂ ಇವೆ. ಕರ್ನಾಟಕದ ಒಣಕಾಡುಗಳಲ್ಲೂ ಹೊಲದ ಬದುಗಳಲ್ಲೂ ಬೇಕಾದಷ್ಟಿವೆ. ಮರವಿದ್ದ ಮಾತ್ರಕ್ಕೆ ಅಲ್ಲಿ ಅರಗು ಇರಬೇಕೆಂದಿಲ್ಲ. ಅರ್ಧ ಮಿಲಿಮೀಟರ್ ಉದ್ದದ ಕೆಂಪು ಮರಿ ಎಳೆರೆಂಬೆಯ ಮೇಲೆ ಹರಿದಾಡಿ ಜಾಗ ಹಿಡಿದು, ಕೊಂಡಿಬಾಯಿ ಚುಚ್ಚಿ ರಸ ಹೀರತೊಡಗುತ್ತದೆ. ಹೆಣ್ಣಾದರೆ ಸಾಯುವ ತನಕ ಅಲ್ಲಿಂದ ಕದಲುವುದಿಲ್ಲ, ತಾನೇ ಸ್ರವಿಸಿದ ಅರಗಿನೊಳಗೆ ಹೂತುಹೋಗುತ್ತದೆ. ಇಂಥ ಜೀವ ದೂರ ಹೋಗಬೇಕಾದರೆ ಗಾಳಿ ಒಯ್ಯಬೇಕು, ಇಲ್ಲವೇ ಮನುಷ್ಯ ಒಯ್ಯಬೇಕು. ಮರಿ ಹೊರಡುವ ಹೊತ್ತಿಗೆ ಅರಗು ಹತ್ತಿದ ಕಡ್ಡಿ ಕಡಿದು ಇನ್ನೊಂದು ಮರದ ಕೊಂಬೆಗೆ ಕಟ್ಟುವುದೇ ಇವತ್ತಿಗೂ ಅರಗಿನ ಬಿತ್ತನೆ. ಹಾಗಾಗಿ ನಾವು ನೋಡುವ ಭೂಪಟದಲ್ಲಿ ಪ್ರಕೃತಿಯ ಗೆರೆ ಎಷ್ಟು, ಮನುಷ್ಯನದೆಷ್ಟು ಎಂದು ಬಿಡಿಸಿ ನೋಡಬೇಕಾಗುತ್ತದೆ.

ಅರಗು ಎಲ್ಲಿರಬೇಕೆಂಬುದನ್ನು ಹವಾಮಾನವೇ ತೀರ್ಮಾನಿಸುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ವಿಪರೀತ ಬಿಸಿಲಾಗಲಿ ಮಂಜಾಗಲಿ ಈ ಹುಳುವಿಗೆ ಆಗಿಬರದು. ಆದರೆ ಹಳೆಯ ಮೈಸೂರು ಸೀಮೆಯ ಜಾಲಾರಿ ಮರ ಅದಕ್ಕೆ ಸಾಕಷ್ಟು ಉತ್ತರ ಕೊಡುತ್ತದೆ. ಸಾಲ ಮರದ ಬಳಗದ ಈ ಮರದ ಮೇಲೆ ಬದುಕುವ ಅರಗಿನ ಹುಳುವನ್ನು 1920ರ ದಶಕದಲ್ಲಿ ಅಧ್ಯಯನ ಮಾಡಿದ ವಿಜ್ಞಾನಿ ಮಹ್ದಿಹಸನ್ ಅದಕ್ಕೆ ಮೈಸೂರಿನದೇ ಹೆಸರಿಟ್ಟರು. ಇದನ್ನೂ ಯಾರೋ ಉತ್ತರದಿಂದ ತಂದು ಬಿಟ್ಟಿರಬಹುದಲ್ಲ ಎನ್ನಬಹುದು. ಉತ್ತರದ ಹುಳು ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಮುತ್ತುಗದ್ದಿರಲಿ ಸಾಗಡೆ ಮರದ್ದಿರಲಿ. ಜಾಲಾರಿಯದು ಹೆಚ್ಚುಕಡಿಮೆ ಮೂರು. ಬದುಕಿನ ಲಯವೇ ಇಷ್ಟು ಬೇರೆಯಾಗಿರುವ ಹುಳು ನಿನ್ನೆಮೊನ್ನೆ ಬಂದ ಬಿಡಾರದ್ದೆಂದು ನಂಬುವುದು ಕಷ್ಟ. ದಕ್ಷಿಣದಲ್ಲಿ ಅರಗು ಕಡಿಮೆಯಾದದ್ದಕ್ಕೆ ಹುಳುವನ್ನು ದೂರಬೇಕಿಲ್ಲ. ಅದು ನೆಚ್ಚಿಕೊಂಡ ಜಾಲಾರಿ ಮುತ್ತುಗದ ಹಾಗೆ ಎಲ್ಲೆಂದರಲ್ಲಿ ಏಳುವ ಮರವಲ್ಲ.

ಉಳಿದದ್ದು ವ್ಯಾಪಾರದ ಕೆಲಸ. 1781ರಲ್ಲಿ ಜೇಮ್ಸ್ ಕೆರ್ ಗಂಗೆಯ ದಂಡೆಯ ಗುಡ್ಡಗಳ ಅರಗನ್ನು ವರ್ಣಿಸಿದಾಗ ಅದು ಕಾಡಿನಲ್ಲಿ ಧಾರಾಳವಾಗಿ ಸಿಗುವ ಸಾಮಾನು, ಕೊಂಬೆ ಮುರಿದು ಪೇಟೆಗೆ ಹೊರುವುದಷ್ಟೇ ಶ್ರಮ. ಆಗ ಬೆಲೆ ಅದರ ಕೆಂಪು ಬಣ್ಣಕ್ಕೂ ಇತ್ತು. 1856ರ ನಂತರ ಕೃತಕ ಬಣ್ಣಗಳು ಬಂದು ಆ ಬೇಡಿಕೆ ಕುಸಿಯಿತು. ರಾಳವೇ ಮುಖ್ಯ ಸರಕಾಯಿತು, ಮುಂದೆ ಗ್ರಾಮಫೋನ್ ತಟ್ಟೆಗಳಿಗೂ ಅದೇ ಬೇಕಾಯಿತು. ಮಿರ್ಜಾಪುರದಲ್ಲಿ ಕಾರ್ಖಾನೆ, ಕಲ್ಕತ್ತೆಯಲ್ಲಿ ಬಂದರು; ಆ ದಾರಿಗೆ ಹತ್ತಿರವಿದ್ದ ಕಾಡುಗಳಲ್ಲಿ ಕೃಷಿ ಬಲಿಯಿತು, 1924ರಲ್ಲಿ ಅರಗಿನ ಸಂಶೋಧನಾ ಸಂಸ್ಥೆ ಎದ್ದದ್ದೂ ರಾಂಚಿ ಪಕ್ಕದ ನಾಮಕುಮ್‌ನಲ್ಲೇ.