ಹಿಂದಿನ ಸೀಟಿಗೆ ದಾರಿ: ಭಾರತದ ಎರಡು ಬಾಗಿಲ ಕಾರುಗಳಲ್ಲಿ ಹತ್ತುವ, ಇಳಿಯುವ ಪ್ರಶ್ನೆ

1. ಪೀಠಿಕೆ

ಭಾರತದಲ್ಲಿ ಎರಡು ಬಾಗಿಲ ಕಾರು ಬಂದಾಗ ಹಲವು ಸಲ, ಬೇಗನೋ ತಡವಾಗಿಯೋ, ಅದರ ಹಿಂದೆ ನಾಲ್ಕು ಬಾಗಿಲ ರೂಪವೊಂದು ಬಂದಿದೆ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಬೆಂಗಳೂರಿನ ಸಿಪಾನಿ ಡಾಲ್ಫಿನ್, ಟಾಟಾ ಸಿಯೆರಾ, ಬೆಂಗಳೂರಿನಲ್ಲೇ ತಯಾರಾದ ಮಹೀಂದ್ರ ಇ-ಟು-ಓ, ಇತ್ತೀಚಿನ ಮಹೀಂದ್ರ ಥಾರ್ ಎಲ್ಲವೂ ಇದಕ್ಕೆ ಉದಾಹರಣೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಒಂದೇ: ನಮ್ಮ ಜನಕ್ಕೆ ಎರಡು ಬಾಗಿಲು ಹಿಡಿಸುವುದಿಲ್ಲ. ಆದರೆ ಇದು ಆದದ್ದನ್ನು ಮತ್ತೊಮ್ಮೆ ಹೇಳುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ.

ಕಾರಣವನ್ನು ಅಭಿರುಚಿಯಲ್ಲಿ ಅಲ್ಲ, ಹಿಂದಿನ ಸೀಟಿಗೆ ಹೋಗುವವರ ಮೈಯಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ. ಎರಡು ಬಾಗಿಲ ಕಾರಿನಲ್ಲಿ ಹಿಂದೆ ಕೂರುವವರು ಇನ್ನೊಬ್ಬರ ನೆರವಿಲ್ಲದೆ ಸುಲಭವಾಗಿ ಹತ್ತಲಾರರು, ಇಳಿಯಲಾರರು. ಹಿಂದಿನ ಸೀಟು ಮಕ್ಕಳಿಗೆ ಮಾತ್ರ ಅಥವಾ ಅಪರೂಪದ ಬಳಕೆಗೆ ಮೀಸಲಾದ ಕಡೆ ಈ ಪರಾಧೀನತೆ ಸಹ್ಯ. ಹಿರಿಯರು ದಿನವೂ ಕೂರುವ ಜಾಗವೇ ಅದಾದಾಗ ಅಸಹನೀಯ. ಬಾಗಿಲು ಎಂದಾಗ ಇಲ್ಲಿ ಪಕ್ಕದ ಬಾಗಿಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದೆ. ಹಿಂಬದಿಯ ಡಿಕ್ಕಿ ಬಾಗಿಲು ಸೇರಿಲ್ಲ.

2. ಹತ್ತುವ ಕ್ರಿಯೆಯ ವಿಶ್ಲೇಷಣೆ

ನಾಲ್ಕು ಬಾಗಿಲ ಕಾರಿನಲ್ಲಿ ಹಿಂದಿನ ಸೀಟಿನ ಅಂಚು ಬಾಗಿಲ ತೆರವಿಗೆ ಎದುರಾಗಿ ಇರುತ್ತದೆ. ಮಂಡಿನೋವಿರುವವರು ಬಾಗಿಲಿಗೆ ಬೆನ್ನು ಮಾಡಿ ನಿಂತು, ಮೊದಲು ಸೀಟಿನಂಚಿನಲ್ಲಿ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ಎತ್ತಿಕೊಳ್ಳುತ್ತಾರೆ. ಇಡೀ ಮೈಭಾರ ಒಂಟಿ ಕಾಲಿನ ಮೇಲೆ ಬೀಳುವ ಕ್ಷಣವೇ ಇದರಲ್ಲಿ ಇಲ್ಲ. ಸೀರೆ ಉಟ್ಟವರಿಗೂ ಇದೇ ಅನುಕೂಲ, ಏಕೆಂದರೆ ನೆರಿಗೆ ಹೆಜ್ಜೆಯ ಅಗಲವನ್ನು ಕಟ್ಟಿಹಾಕುತ್ತದೆ.

ಎರಡು ಬಾಗಿಲ ಕಾರಿನಲ್ಲಿ ಹಿಂದಿನ ಸೀಟು ಬಾಗಿಲ ತೆರವಿಗಿಂತ ಹಿಂದಕ್ಕೆ ಸರಿದಿರುತ್ತದೆ. ಹಾಗಾಗಿ ಮೊದಲು ಕೂರುವ ಕ್ರಮ ಸಾಧ್ಯವೇ ಇಲ್ಲ. ಮುಂದೆ ಕೂತವರು ಇಳಿಯಬೇಕು. ಲಿವರ್ ಎತ್ತಿ ಸೀಟಿನ ಬೆನ್ನನ್ನು ಮುಂದಕ್ಕೆ ಬಾಗಿಸಬೇಕು. ಹಿಂದೆ ಹೋಗುವವರು ತಲೆ ತಗ್ಗಿಸಿ, ಒಂದು ಕಾಲನ್ನು ಒಳಗಿಟ್ಟು, ಸೀಟಿಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಓರೆಯಾಗಿ ನುಸುಳಿ, ಬಗ್ಗಿದ ಮೈಯಲ್ಲೇ ತಿರುಗಿ ಕೂರಬೇಕು. ಸೊಂಟ, ಮಂಡಿ, ಕುತ್ತಿಗೆ ಮೂರೂ ಒಟ್ಟಿಗೆ ಬಾಗಿರುವಾಗ ಮೈಭಾರವನ್ನೆಲ್ಲ ಒಂದೇ ಕಾಲು ಹೊರುತ್ತದೆ. ಮುಂದಿನ ಸೀಟಿನ ಬೆಲ್ಟ್ ದಾರಿಗೆ ಅಡ್ಡ ತೂಗುತ್ತಿದ್ದರೆ ಕಾಲು ಅದಕ್ಕೆ ತೊಡರುತ್ತದೆ.

ಇಳಿಯುವುದು ಇನ್ನೂ ಕಷ್ಟ. ಹತ್ತುವಾಗ ಮೈಭಾರ ಕೆಳಗಿಳಿಯುತ್ತದೆ. ಇಳಿಯುವಾಗ ತಗ್ಗಿನ ಸೀಟಿನಿಂದ ಅದನ್ನು ಮೇಲೆತ್ತಬೇಕು, ಅದೂ ತಲೆಯೆತ್ತಲು ಜಾಗವಿಲ್ಲದ ಕಡೆ. ಹಿಡಿದುಕೊಳ್ಳಲು ಸಿಗುವುದು ಬಹುಪಾಲು ಮಡಿಚಿದ ಸೀಟಿನ ಬೆನ್ನು ಮಾತ್ರ, ಅದೋ ಅಲುಗಾಡುತ್ತದೆ.

ಇದಕ್ಕೆ ರಸ್ತೆಯ ನಿಯಮವೂ ಸೇರುತ್ತದೆ. ನಮ್ಮಲ್ಲಿ ವಾಹನ ಎಡಕ್ಕೆ ಚಲಿಸುವುದರಿಂದ ಫುಟ್‌ಪಾತ್ ಕಡೆಯ ಬಾಗಿಲು ಎಡಗಡೆಯದು. ಹಿಂದೆ ಹೋಗುವ ಇಬ್ಬರೂ ಅಲ್ಲಿಂದಲೇ ಹತ್ತಬೇಕು, ಮೊದಲು ಹತ್ತಿದವರು ಬಲತುದಿಗೆ ಜರುಗಬೇಕು. ಎರಡು ಬಾಗಿಲ ಕಾರಿನ ಬಾಗಿಲು ಉದ್ದವಾಗಿರುವುದರಿಂದ ಪೂರ್ತಿ ತೆರೆಯಲು ಪಕ್ಕದಲ್ಲಿ ಹೆಚ್ಚು ಜಾಗ ಬೇಕು. ಇಕ್ಕಟ್ಟಾದ ಗಲ್ಲಿಯಲ್ಲಿ, ಒತ್ತೊತ್ತಾಗಿ ಕಾರು ನಿಂತ ಪಾರ್ಕಿಂಗಿನಲ್ಲಿ ಬಾಗಿಲು ಅರ್ಧ ತೆರೆದರೆ ಸಂದಿಯೂ ಅಷ್ಟೇ ಕಿರಿದಾಗುತ್ತದೆ.

3. ಮದರಾಸಿನಿಂದ ಬೆಂಗಳೂರಿಗೆ

ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಇಟಲಿಯ ವಿನ್ಯಾಸಕಾರ ಮಿಕೆಲೊತ್ತಿ ರೂಪಿಸಿದ ಎರಡು ಬಾಗಿಲ ಕಾರು. 1960ರ ದಶಕದ ಮೊದಲಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು 948 ಸಿಸಿ ಎಂಜಿನ್‌ನೊಂದಿಗೆ ಇಲ್ಲಿ ತಯಾರಿಸತೊಡಗಿತು. ಆಗ ಅದರ ಎದುರಾಳಿಗಳಾದ ಅಂಬಾಸಿಡರ್ ಮತ್ತು ಫಿಯೆಟ್ 1100 ಎರಡಕ್ಕೂ ನಾಲ್ಕು ಬಾಗಿಲು. 1960ರ ದಶಕದ ಕೊನೆಯ ಹೊತ್ತಿಗೆ ಮದರಾಸಿನವರು ಹೆರಾಲ್ಡ್‌ಗೂ ನಾಲ್ಕು ಬಾಗಿಲು ಮಾಡಿದರು. ಮೂಲ ಬ್ರಿಟಿಷ್ ಕಾರ್ಖಾನೆಯಿಂದ ಅಂಥ ಹೆರಾಲ್ಡ್ ಎಂದೂ ಹೊರಬರಲಿಲ್ಲ. ಅದು ಭಾರತದ ಪ್ರಯಾಣಿಕರಿಗಾಗಿಯೇ ಆದ ಮಾರ್ಪಾಡು. ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿ ಇದ್ದು ಕಾರಿನ ಮೈಯನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಚಾಸಿ ಮತ್ತು ಬಾಡಿ ಒಂದೇ ಆಗಿರುವ ಕಾರಿಗಿಂತ ಅದನ್ನು ಬದಲಿಸುವುದು ಸುಲಭ. 1970ರ ದಶಕದಲ್ಲಿ ಬಂದ ಅದರ ಮುಂದಿನ ರೂಪ ಗೆಜೆಲ್ ಕೂಡ ನಾಲ್ಕು ಬಾಗಿಲದ್ದೇ.

ಎರಡನೆಯ ಪ್ರಕರಣ ಬೆಂಗಳೂರಿನದು. ಸಿಪಾನಿ ಆಟೊಮೊಬೈಲ್ಸ್ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 1980ರ ದಶಕದ ಆರಂಭದಲ್ಲಿ ಡಾಲ್ಫಿನ್ ಹೊರತಂದಿತು: ಫೈಬರ್‌ಗ್ಲಾಸ್ ಮೈ, 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಎರಡು ಬಾಗಿಲು. ಹಗುರವಾದ್ದರಿಂದ ರ‍್ಯಾಲಿ ಓಡಿಸುವವರಿಗೆ ಅದು ಮೆಚ್ಚುಗೆಯಾಯಿತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಎರಡೂ 3.5 ಮೀಟರಿಗಿಂತ ಚಿಕ್ಕ ಕಾರುಗಳೇ. ಆದರೆ ಮಾರುತಿಯ ಹಿಂದಿನ ಸೀಟಿಗೆ ಅದರದೇ ಬಾಗಿಲುಗಳಿದ್ದವು. ಚಿಕ್ಕ ಕಾರಿಗೆ ಎರಡೇ ಬಾಗಿಲು ಅನಿವಾರ್ಯವೆಂಬ ವಾದ ಅಲ್ಲಿಗೆ ನಿಂತಿತು. ಆ ದಶಕದ ಉತ್ತರಾರ್ಧದಲ್ಲಿ ಸಿಪಾನಿಯೂ ಡಾಲ್ಫಿನ್ ಆಧರಿಸಿ ನಾಲ್ಕು ಬಾಗಿಲ ಮೊಂಟಾನಾ ತಯಾರಿಸಿತು.

ಮಾರುತಿಯ ಮೂಲವಾದ ಸುಜುಕಿಯ ಇತಿಹಾಸ ಈ ವಾದಕ್ಕೆ ಪೂರಕ. ಜಪಾನಿನಲ್ಲಿ 1979ರ ಮೊದಲ ಆಲ್ಟೊ ತೆರಿಗೆಯ ಲಾಭಕ್ಕಾಗಿ ವಾಣಿಜ್ಯ ವಾಹನವೆಂದು ನೋಂದಣಿಯಾಗುತ್ತಿದ್ದ ಎರಡು ಬಾಗಿಲ ಕಾರು. ಅದರ ಜೋಡಿಯಾದ ಫ್ರಾಂಟೆ ಪ್ರಯಾಣಿಕರ ಕಾರು, ಅದಕ್ಕೆ ನಾಲ್ಕು ಬಾಗಿಲು. ಭಾರತ ಆರಿಸಿಕೊಂಡದ್ದು ಫ್ರಾಂಟೆಯ ಹಾದಿಯನ್ನು.

4. ರೇವಾ ಮತ್ತು ಇ-ಟು-ಓ: ಒಂದೇ ಊರು, ಎರಡು ಫಲಿತಾಂಶ

ಬೆಂಗಳೂರಿನ ಇನ್ನೆರಡು ಕಾರುಗಳನ್ನು ಅಕ್ಕಪಕ್ಕ ಇಟ್ಟರೆ ನಮ್ಮ ವಾದ ಸ್ಪಷ್ಟವಾಗುತ್ತದೆ. ಚೇತನ್ ಮೈನಿಯವರ ಕಂಪನಿ 2001ರಲ್ಲಿ ಮಾರಾಟಕ್ಕಿಟ್ಟ ವಿದ್ಯುತ್ ಕಾರು ರೇವಾ 2,638 ಮಿ.ಮೀ. ಉದ್ದದ್ದು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಎಂದೇ ಅದನ್ನು ರೂಪಿಸಲಾಗಿತ್ತು. ಮಕ್ಕಳ ಮೈ ಮಣಿಯುತ್ತದೆ, ಕಿರಿದಾದ ಸಂದಿಯಲ್ಲಿ ಅವರು ಸಲೀಸಾಗಿ ನುಸುಳುತ್ತಾರೆ. ಚಲಿಸುವ ಕಾರಿನ ಬಾಗಿಲು ಮಕ್ಕಳ ಕೈಗೆ ಸಿಗದಿರುವುದು ಒಳ್ಳೆಯದೇ. ಹಾಗಾಗಿ ರೇವಾದ ಎರಡು ಬಾಗಿಲಿಗೂ ಅದರ ಹಿಂದಿನ ಸೀಟಿನ ಉದ್ದೇಶಕ್ಕೂ ವಿರೋಧವಿರಲಿಲ್ಲ.

2010ರಲ್ಲಿ ಆ ಕಂಪನಿ ಮಹೀಂದ್ರದ ಕೈಸೇರಿತು. 2013ರಲ್ಲಿ ಇ-ಟು-ಓ ಬಂತು. ಇದು ನಾಲ್ವರು ದೊಡ್ಡವರ ಕಾರು, ಬಾಗಿಲು ಮಾತ್ರ ಎರಡೇ. ಉದ್ದೇಶ ಬದಲಾಗಿತ್ತು, ದಾರಿ ಬದಲಾಗಿರಲಿಲ್ಲ. 2016ರಲ್ಲಿ ಬಂದ ಇ-ಟು-ಓ ಪ್ಲಸ್ ಕಾರನ್ನು ಸುಮಾರು 30 ಸೆಂ.ಮೀ. ಉದ್ದ ಮಾಡಿ ನಾಲ್ಕು ಬಾಗಿಲು ಕೊಟ್ಟರು. ಊರು ಒಂದೇ, ತಂತ್ರಜ್ಞಾನದ ಪರಂಪರೆಯೂ ಒಂದೇ. ಬೇರೆಯಾದದ್ದು ಹಿಂದೆ ಯಾರು ಕೂರಬೇಕೆಂಬ ನಿರ್ಧಾರ. ಬಾಗಿಲ ಸಂಖ್ಯೆ ಅದನ್ನು ಹಿಂಬಾಲಿಸಿತು.

1991ರ ಟಾಟಾ ಸಿಯೆರಾ ಮತ್ತು ಮಹೀಂದ್ರ ಥಾರ್ ಇದೇ ದಿಕ್ಕಿನಲ್ಲಿವೆ. ಸಿಯೆರಾದಲ್ಲಿ ಹಿಂದೆ ಕೂತವರಿಗೆ ಛಾವಣಿಯವರೆಗೆ ಬಾಗಿದ ವಿಶಾಲ ಗಾಜು ಇತ್ತು. ತೆರೆಯಲಾಗುವ ಬಾಗಿಲು ಇರಲಿಲ್ಲ. ಅದೇ ಹೆಸರಿನಲ್ಲಿ 2025ರಲ್ಲಿ ಬಂದ ಹೊಸ ವಾಹನದಲ್ಲಿ ಹಿಂದಿನವರಿಗೂ ಬಾಗಿಲಿದೆ. 2010ರ ಥಾರ್‌ನಲ್ಲಿ ಹಳೆಯ ಜೀಪುಗಳಂತೆ ಎದುರುಬದುರು ಬೆಂಚು. ಜನ ಹಿಂದಿನಿಂದ ತಮ್ಮಷ್ಟಕ್ಕೆ ಹತ್ತುತ್ತಿದ್ದರು. 2020ರಲ್ಲಿ ಹಿಂದಿನ ಸೀಟು ಮುಂದಕ್ಕೆ ಮುಖಮಾಡಿತು, ದಾರಿ ಮುಂಬಾಗಿಲ ಮೂಲಕವಾಯಿತು. ಮುಖ ಮಾಡಿ ಕೂರುವ ಸುಖ ಬಂತು, ತಾವಾಗಿ ಹತ್ತುವ ಅನುಕೂಲ ಹೋಯಿತು. 2024ರ ಥಾರ್ ರಾಕ್ಸ್ ಎರಡನ್ನೂ ಕೊಟ್ಟಿತು.

5. ಸೀಟನ್ನು ಸರಿಸುವ ಪರಿಹಾರ

ಬಾಗಿಲು ಹೆಚ್ಚಿಸದೆ ಸೀಟಿನ ಚಲನೆಯನ್ನು ಸುಧಾರಿಸುವುದು ಇನ್ನೊಂದು ಹಾದಿ. ಹಳೆಯ ಕಾರುಗಳಲ್ಲಿ ಮುಂದಿನ ಸೀಟು ಹಾಗೆಯೇ ಮುಂದಕ್ಕೆ ಮಗುಚುತ್ತಿತ್ತು, ಹಿಡಿದಿಡುವ ಬೀಗವಿಲ್ಲದೆ. ಢಿಕ್ಕಿಯಾದರೆ ಅದು ಅಪಾಯ. ಮಡಿಚುವ ಸೀಟಿಗೆ ತಾನಾಗಿ ಬೀಳುವ ಬೀಗ ಇರಲೇಬೇಕೆಂದು ಅಮೆರಿಕದ ವಾಹನ ಸುರಕ್ಷತಾ ನಿಯಮ 207 ವಿಧಿಸುತ್ತದೆ. ಆಮೇಲೆ ಬೆನ್ನು ಬಾಗುವುದರ ಜೊತೆಗೆ ಸೀಟೂ ಹಳಿಯ ಮೇಲೆ ಜಾರುವ ಏರ್ಪಾಡು ಬಂತು. 2023ರಲ್ಲಿ ಭಾರತಕ್ಕೆ ಬಂದ ಎಂಜಿ ಕಾಮೆಟ್ ಮೂರು ಮೀಟರಿಗಿಂತ ಚಿಕ್ಕದಾದ, ನಾಲ್ಕು ಸೀಟಿನ, ಎರಡು ಬಾಗಿಲ ವಿದ್ಯುತ್ ಕಾರು. ಅದರ ಎಡ ಮುಂಸೀಟು ಒಂದೇ ಲಿವರ್‌ಗೆ ಪೂರ್ತಿ ಮುಂದಕ್ಕೆ ಮಡಿಚಿಕೊಳ್ಳುತ್ತದೆ. ಸಂದಿ ಇದರಿಂದ ಅಗಲವಾಗುತ್ತದೆ. ಆದರೂ ಮುಂದಿನವರು ಇಳಿಯದೆ ಹಿಂದಿನವರು ಇಳಿಯುವಂತಿಲ್ಲ ಎಂಬ ಮೂಲ ಸಂಬಂಧ ಹಾಗೆಯೇ ಉಳಿಯುತ್ತದೆ.

ಎರಡು ಬಾಗಿಲಿನ ಪರವಾದ ಕಾರಣಗಳನ್ನು ಅಲ್ಲಗಳೆಯಬೇಕಿಲ್ಲ. ತೆರವು ಕಡಿಮೆಯಾದಷ್ಟೂ ಕಾರಿನ ಮೈಗೆ ಬಿಗಿ ಕೊಡುವುದು ಸುಲಭ. ಕೀಲು, ಬೀಗ, ಗಾಜು ಏರಿಳಿಸುವ ಸಾಧನ ಕಡಿಮೆಯಾಗಿ ಖರ್ಚು ತಗ್ಗುತ್ತದೆ. ಒಬ್ಬರೋ ಇಬ್ಬರೋ ನಗರದೊಳಗೆ ಓಡಾಡಲು ಇದು ಸಾಕು. ಆದರೆ ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳುವಾಗ, ಆ ಸೀಟು ಪೂರ್ಣ ಪ್ರಯಾಣಿಕರ ಸೀಟೆಂದು ಕಾನೂನೇ ಒಪ್ಪಿದಂತಾಯಿತು. ಪೂರ್ಣ ಪ್ರಯಾಣಿಕರಿಗೆ ಪೂರ್ಣ ದಾರಿಯೂ ಬೇಕು. ಬೆಂಕಿ, ಹೊಗೆ, ನೀರು ನುಗ್ಗಿದ ಗಳಿಗೆಯಲ್ಲಿ ಮುಂದಿನವರಿಗೆ ಪ್ರಜ್ಞೆ ತಪ್ಪಿದ್ದರೆ ಹಿಂದಿನವರ ಗತಿಯೇನು ಎಂಬುದು ಬರೀ ಅನುಕೂಲದ ಪ್ರಶ್ನೆಯಲ್ಲ.

6. ಸಮಾರೋಪ

ಈ ಪ್ರಕರಣಗಳಿಂದ ತಯಾರಕರಿಗೆ ನಾಲ್ಕು ಅಪೇಕ್ಷೆಗಳು ಹೊರಡುತ್ತವೆ. ಎರಡು ಬಾಗಿಲ ಕಾರಿನಲ್ಲಿ ದೊಡ್ಡವರನ್ನು ಹಿಂದೆ ಕೂರಿಸುವುದಾದರೆ, ಮುಂಸೀಟನ್ನು ಹಿಂದಿನವರೂ ಕೂತಲ್ಲಿಂದಲೇ ಬಿಡಿಸುವಂತಿರಬೇಕು. ಬೆಲ್ಟ್ ದಾರಿಗೆ ಅಡ್ಡ ಬರಬಾರದು. ಅಲುಗದ ಹಿಡಿಕೆಯೊಂದು ಕೈಗೆ ಸಿಗಬೇಕು. ಪರೀಕ್ಷೆಗೆ ಯುವಕರನ್ನಷ್ಟೇ ಅಲ್ಲದೆ ಮಂಡಿನೋವಿನ ಹಿರಿಯರನ್ನು, ಸೀರೆ ಉಟ್ಟವರನ್ನು, ಮಗುವನ್ನು ಎತ್ತಿಕೊಂಡವರನ್ನು ಕರೆಯಬೇಕು. ಇವು ಈಡೇರದಿದ್ದರೆ ಅಂಥ ಕಾರನ್ನು ನಾಲ್ಕು ಸೀಟಿನದೆಂದು ಮಾರುವುದು ನ್ಯಾಯವಲ್ಲ. ಮುಂದೆ ಇಬ್ಬರಿಗೆ, ಹಿಂದೆ ಮಕ್ಕಳಿಗೆ ಎಂದು ನೇರವಾಗಿ ಹೇಳಬೇಕು. ರೇವಾ ಹಾಗೆ ಹೇಳಿತ್ತು, ಮತ್ತು ಅದರ ಎರಡು ಬಾಗಿಲು ಆ ಮಾತಿಗೆ ಹೊಂದುತ್ತಿತ್ತು.