ಮಲೆನಾಡಿನ ವಿಮಾನ ಸಂಪರ್ಕ

ಮಲೆನಾಡಿನ ವಿಮಾನ ಸಂಪರ್ಕ: ಪಶ್ಚಿಮ ಘಟ್ಟದ ಊರುಗಳಿಗೂ ಅವುಗಳ ಮೂಡಣ ಸೆರಗಿನ ಅರೆಮಲೆನಾಡಿಗೂ ವಿಮಾನ, ಹೆಲಿಕಾಪ್ಟರ್ ಸೇವೆ ದೊರೆತ ಬಗೆ ಮತ್ತು ಅದರಿಂದ ಅಲ್ಲಿನ ಬದುಕಿನಲ್ಲಾದ ಬದಲಾವಣೆಗಳ ಇತಿಹಾಸ.

ಘಟ್ಟದ ಜನ ಹೊರಜಗತ್ತಿನೊಡನೆ ಬೆಸೆದುಕೊಂಡಿದ್ದು ಬಹುಕಾಲ ಘಾಟಿರಸ್ತೆ, ದೋಣಿ ಮತ್ತು ರೈಲಿನ ಮೂಲಕ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ವಿಮಾನ ಮೊದಲು ಇಳಿದದ್ದು ಘಟ್ಟದ ಕೆಳಗೆ: ಮಂಗಳೂರಿನ ಬಜ್ಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ ಅದರ ಓಡುದಾರಿಯ ಅಂಚುಗಳಾಚೆ ಕಣಿವೆಯಿದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಓಡುದಾರಿ ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು. ಗುಡ್ಡದ ಮೇಲೆ ವಿಮಾನ ಇಳಿಸುವುದು ಎಂಥ ಕಷ್ಟದ ಕೆಲಸ ಎಂಬುದನ್ನು ಕನ್ನಡ ನಾಡು ಅರಿತದ್ದು ಈ ದುರಂತದಿಂದ.

ಪರ್ವತ ವಾಯುಯಾನದ ಒಂದು ದೊಡ್ಡ ಘಟನೆಯಲ್ಲಿ ಕೊಡಗಿನವರೊಬ್ಬರ ಹೆಸರಿದೆ. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಲಡಾಖಿನ ಲೇಹ್‌ನಲ್ಲಿ, ಸ್ಥಳೀಯರು ತರಾತುರಿಯಲ್ಲಿ ಸಿದ್ಧಪಡಿಸಿದ್ದ ಮಣ್ಣಿನ ನೆಲದ ಮೇಲೆ ಡಕೋಟಾ ವಿಮಾನ ಇಳಿಸಿದಾಗ, ಒಳಗಿದ್ದವರು ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ನೇಪಾಳದ ಲುಕ್ಲಾದಲ್ಲಿ ಎಡ್ಮಂಡ್ ಹಿಲರಿ ಶೆರ್ಪಾಗಳೊಂದಿಗೆ 1964ರಲ್ಲಿ ಕಟ್ಟಿದ ವಿಮಾನಪಟ್ಟಿ ಆಸ್ಪತ್ರೆ, ಶಾಲೆಗಳ ಸಾಮಗ್ರಿ ಸಾಗಿಸಲೆಂದು ಹುಟ್ಟಿದ್ದು. ಅದೇ ಪಟ್ಟಿ ಎವರೆಸ್ಟ್ ಚಾರಣಿಗರನ್ನು ತಂದು ಆ ಕಣಿವೆಯ ದುಡಿಮೆಯನ್ನೇ ಬದಲಿಸಿತು. ವಿಮಾನ ಊರೊಳಗೇ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಮಲೆನಾಡಿನಲ್ಲಿ ಹಾಗಾಗಲಿಲ್ಲ, ಇಲ್ಲಿ ವಿಮಾನ ಬಂದದ್ದು ಬೆಟ್ಟದ ಬುಡಕ್ಕೆ.

ಸಣ್ಣ ಊರಿಗೂ ವಿಮಾನ ಬೇಕೆಂಬ ಮಾತಿಗೆ ಬಲ ತಂದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಅವರ ಏರ್ ಡೆಕ್ಕನ್ 2003ರಲ್ಲಿ ಕಡಿಮೆ ದರದ ಹಾರಾಟ ಆರಂಭಿಸಿ, ಅದುವರೆಗೆ ವಿಮಾನ ಹತ್ತದವರನ್ನು ಹತ್ತಿಸಿತು. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಗುಡ್ಡದೂರು ಶಿಮ್ಲಾದಿಂದ ದೆಹಲಿಗೆ ಹಾರಿತು.

ಶಿವಮೊಗ್ಗ ನಗರದ ಹೊರಗಿನ ಸೋಗಾನೆಯ ನಿಲ್ದಾಣದ ಯೋಜನೆ ವರ್ಷಗಟ್ಟಲೆ ನನೆಗುದಿಗೆ ಬಿದ್ದಿತ್ತು. 2020ರಲ್ಲಿ ಕೆಲಸ ಮತ್ತೆ ಶುರುವಾಯಿತು. 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ಇದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿದೆ. ಓಡುದಾರಿ 3,050 ಮೀಟರ್ ಉದ್ದವಿದ್ದು, ನಿಲ್ದಾಣವನ್ನು ರಾಜ್ಯ ಸರ್ಕಾರವೇ ನಡೆಸುತ್ತದೆ. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋದ ಎಟಿಆರ್ ವಿಮಾನ ಬಂದಿಳಿಯಿತು. ನವೆಂಬರ್‌ನಲ್ಲಿ ಸ್ಟಾರ್ ಏರ್ ಸಂಸ್ಥೆ ಹೈದರಾಬಾದ್, ತಿರುಪತಿ, ಗೋವಾಕ್ಕೆ ಸೇವೆ ಆರಂಭಿಸಿತು.

ಮಲೆನಾಡಿನ ಹೆಸರಿನಲ್ಲಿ ಬಂದ ಈ ನಿಲ್ದಾಣ ಅರೆಮಲೆನಾಡಿಗೂ ಅಷ್ಟೇ ಹತ್ತಿರ. ಸೂಳೆಕೆರೆ ಬಳಿಯ ಕೆರೆಬಿಳಚಿ ಸೇರಿದಂತೆ ಚನ್ನಗಿರಿ ಸೀಮೆ, ಹೊನ್ನಾಳಿ, ನ್ಯಾಮತಿಗಳು 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಶಿವಮೊಗ್ಗಕ್ಕೇ ಸೇರಿದ್ದವು. ಸಂತೆ, ಆಸ್ಪತ್ರೆ, ಕಾಲೇಜಿನ ನಂಟು ಇಂದಿಗೂ ಆ ಕಡೆಗಿದೆ. ಅತ್ತ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನವರು ಸೋಗಾನೆ ತಲುಪಬೇಕಾದರೆ ಕಾಡಿನ ತಿರುವುಗಳನ್ನು ಹಾದು ಬರಬೇಕು. ಚನ್ನಗಿರಿಯ ಅಡಿಕೆ ಇಂದಿಗೂ ಹೋಗುವುದು ಲಾರಿಯಲ್ಲಿ. ವಿಮಾನ ಒಯ್ಯುವುದು ಮನುಷ್ಯರನ್ನು: ಬೆಂಗಳೂರು, ಹೈದರಾಬಾದಿನಲ್ಲಿ ಕೆಲಸಕ್ಕಿರುವ ಮಕ್ಕಳು, ದೊಡ್ಡ ಆಸ್ಪತ್ರೆಗೆ ಹೊರಟ ರೋಗಿಗಳು, ವ್ಯಾಪಾರಿಗಳು. ಬೆಂಗಳೂರಿಗೆ ಐದಾರು ತಾಸಿನ ಹಾದಿ ಆಕಾಶದಲ್ಲಿ ಸುಮಾರು ಒಂದು ತಾಸು. ಅಪ್ಪ ಅಮ್ಮನಿಗೆ ಹುಷಾರಿಲ್ಲವೆಂದು ಸುದ್ದಿ ಬಂದಾಗ ಈ ಅಂತರದ ಬೆಲೆ ತಿಳಿಯುತ್ತದೆ. ಆದರೆ ಟಿಕೆಟ್ ಕೊಳ್ಳಬಲ್ಲವರಿಗೆ ಮಾತ್ರ ಅದು ದಕ್ಕುತ್ತದೆ ಎಂಬುದನ್ನೂ ಹೇಳಲೇಬೇಕು.

ಮಳೆಗಾಲ ಇಲ್ಲಿನ ನಿಜವಾದ ತಡೆ. ಮಂಜು, ಮೋಡ ಕವಿದು ದಾರಿ ಕಾಣದಿದ್ದಾಗ ಸೋಗಾನೆಗೆ ಬಂದ ವಿಮಾನಗಳು ಇಳಿಯದೆ ಬೇರೆಡೆ ಹೋದದ್ದುಂಟು; ಆರಂಭದಲ್ಲಿ ರಾತ್ರಿ ಇಳಿಯುವ ವ್ಯವಸ್ಥೆಯೂ ಇರಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡ ಕುಸಿದು ಜನ ಸಿಕ್ಕಿಕೊಂಡಾಗ, ಮಳೆ ಮತ್ತು ಮಂಜು ಹೆಲಿಕಾಪ್ಟರ್‌ಗಳಿಗೆ ಅಡ್ಡಿಯಾದವು. ಯೋಧರು, ಊರಿನ ಯುವಕರು ನಡೆದೇ ಹೋಗಿ ಅನೇಕರನ್ನು ಕರೆತಂದರು. ಅತ್ಯಂತ ಬೇಕಾದ ದಿನವೇ ಆಕಾಶದ ದಾರಿ ಮುಚ್ಚುವುದು ಘಟ್ಟದ ಸ್ವಭಾವ.

ಹಾಗಾಗಿ ಒಳನಾಡಿನ ಬದುಕನ್ನು ಹೆಚ್ಚು ಬದಲಿಸಿದ್ದು ನೆಲದ ಕೆಲಸಗಳು. 1964ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಶರಾವತಿ ಹಿನ್ನೀರು ತುಮರಿ ಸೇರಿದಂತೆ ಕರೂರು, ಬಾರಂಗಿ ಹೋಬಳಿಗಳನ್ನು ಸಾಗರ ಪಟ್ಟಣದಿಂದ ಬೇರ್ಪಡಿಸಿತು. ನಾಡಿಗೆ ಬೆಳಕು ಕೊಟ್ಟ ಈ ಜನ ದಶಕಗಟ್ಟಲೆ ಹಿನ್ನೀರು ದಾಟಿಸುವ ಲಾಂಚಿಗಾಗಿ ಕಾದರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಸುತ್ತುಬಳಸಿನ ಕಾಡುದಾರಿಯೇ ಗತಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು, ಅಂದರೆ ಸೋಗಾನೆಯಲ್ಲಿ ವಿಮಾನ ಇಳಿದ ಸುಮಾರು ಎರಡು ವರ್ಷಗಳ ನಂತರ, ತೆರೆಯಿತು. ತುಮರಿಯ ರೋಗಿಗೆ ಶಿವಮೊಗ್ಗದ ಆಸ್ಪತ್ರೆಯೂ ನಿಲ್ದಾಣವೂ ರಾತ್ರಿ ಹಗಲೆನ್ನದೆ ಎಟುಕುವಂತಾದದ್ದು ಆ ಸೇತುವೆಯಿಂದ.