‘ಹರಿಜನ್ವಾರ’ವೂ ನಗೆಯ ನ್ಯಾಯವೂ

ಗರ್ವವನ್ನು ಅಡಗಿಸುವ ಕೆಲಸವನ್ನು ನಗೆಗೆ ಒಪ್ಪಿಸುವ ಪದ್ಧತಿಯು ಕೃಷ್ಣೆ-ಘಟಪ್ರಭೆಗಳ ಈ ಸೀಮೆಗೆ ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನ ಜನರಿಗೆ ಮನೆಮಾತಾದ ಶ್ರೀಕೃಷ್ಣ ಪಾರಿಜಾತದಲ್ಲಿ ಕೃಷ್ಣನು ಕೊರವಂಜಿಯ ವೇಷದಿಂದ ಬಂದು ಸತ್ಯಭಾಮೆಗೆ ಕಣಿ ಹೇಳುವನು. ಅರಮನೆಯ ಹೆಣ್ಣು ಅಲೆಮಾರಿಯ ಮುಂದೆ ಕೈ ಚಾಚುವದನ್ನು ಕಂಡು ಬಯಲೆಲ್ಲ ನಗುವದು. ಆದರೆ ವೇಷವು ಕಳಚಿದೊಡನೆ ಕೊರವಂಜಿಯು ಮಾಯವಾಗಿ ದೇವನೊಬ್ಬನೇ ಉಳಿಯುವನು; ನಿಜವಾದ ಕೊರವಂಜಿಯ ಬಿಡಾರವು ಊರ ಹೊರಗೆಯೇ ಇರುವದು.

ಇಂಥ ವೇಷವು ಬಯಲಾಟದಿಂದ ಸಭೆಗಳಿಗೆ ಬಂದ ಕಾಲವೂ ಒಂದುಂಟು. 1927ರಲ್ಲಿ ಮುಂಬಯಿ ಪ್ರಾಂತದ ಮಹಾಡದಲ್ಲಿ ಡಾ. ಅಂಬೇಡಕರರು ಕೆರೆಯ ನೀರನ್ನು ಕುಡಿದು ತಮ್ಮವರ ಹಕ್ಕನ್ನು ಸಾರಿದರು. 1932ರಲ್ಲಿ ಪುಣೆಯ ಒಪ್ಪಂದವಾಗಿ, 1933-34ರಲ್ಲಿ ಗಾಂಧೀಜಿಯವರು ಅಸ್ಪೃಶ್ಯತೆಯ ನಿವಾರಣೆಗಾಗಿ ದೇಶವನ್ನು ಸುತ್ತಿದರು. ಆಗ ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದವು. ಆಳುವವರು ಬೇರೆಯಾದರೂ ಬಾವಿಯ ಕಟ್ಟಳೆಯು ಬೇರೆಯಾಗಿರಲಿಲ್ಲ. ಮನಃಪೂರ್ವಕ ದುಡಿದವರ ಜೊತೆಗೆ, ಸಭೆಯಲ್ಲಿ ಸಮತೆಯನ್ನು ಸಾರಿ ಮನೆಯಲ್ಲಿ ಮಡಿಯನ್ನು ಬಿಡದ ಜನರೂ ತಲೆದೋರಿದರು.

ಅವರನ್ನು ರಂಗಕ್ಕೆ ಎಳೆದು ತಂದವರು ಶ್ರೀರಂಗರು. ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರಾಗಿದ್ದ ಅವರು 1930ರ ದಶಕದಲ್ಲಿ ‘ಹರಿಜನ್ವಾರ’ ನಾಟಕವನ್ನು ಬರೆದರು. ಹೆಸರು ಈ ಕಡೆಯ ಮನೆತನದ ಅಡ್ಡಹೆಸರಿನಂತೆಯೇ ಕೇಳಿಸುವದು. ಅದರ ವಿಡಂಬನೆಯ ಪೆಟ್ಟು ಬೀಳುವದು ಕೇರಿಯವರ ಮೇಲಲ್ಲ, ಮೇಲ್ಜಾತಿಯ ಕಪಟದ ಮೇಲೆ. ಲೇಖಕರು ಹುಟ್ಟಿ ಬೆಳೆದದ್ದೂ ಅದೇ ಸಮಾಜದಲ್ಲಿ. ಅನ್ಯರನ್ನು ನಗುವದು ಸುಲಭ. ಸ್ವಜನರನ್ನು ನಗಿಸಿ ನಾಚಿಸುವದಕ್ಕೆ ಎದೆಗಾರಿಕೆ ಬೇಕು.

ಆದರೂ ಅದು ಮನೆಯೊಳಗಿನವರ ನಗೆ. ಹೊರಗೆ ನಿಂತವರ ಉತ್ತರವು 1938ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಕೇಳಿಬಂದಿತು. ಕಾಯದೆಯಲ್ಲಿ ‘ಹರಿಜನ’ವೆಂಬ ಹೆಸರನ್ನು ಸೇರಿಸುವ ಮಸೂದೆಯು ಬಂದಾಗ, ತಾವು ಕೇಳದ ಹೆಸರನ್ನು ತಮ್ಮ ಮೇಲೆ ಹೊರಿಸುವದು ಸಲ್ಲದೆಂದು ಅಂಬೇಡಕರರೂ ಅವರ ಪಕ್ಷದವರೂ ವಿರೋಧಿಸಿ ಸಭಾತ್ಯಾಗ ಮಾಡಿದರು. ಹೆಸರನ್ನು ಕೊಡುವದಕ್ಕೆ ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ. ನೀರನ್ನು ಕೊಡುವದಕ್ಕೆ ಬಾವಿಕಟ್ಟೆಯನ್ನೇ ಬಿಟ್ಟುಕೊಡಬೇಕಾಗಿತ್ತು. ವಿಡಂಬನೆಯು ಈ ಅಂತರವನ್ನು ತೋರಿಸಿಕೊಟ್ಟಿತು. ಅದನ್ನು ತುಂಬುವ ಹೊಣೆಯು ನೋಡಿ ನಕ್ಕವರ ಮೇಲೆ ಉಳಿಯಿತು.